ಜೋತುಬಿದ್ದ ಕೈಗೆ ಆರು ತಿಂಗಳ ಗಡುವು

ಬೈಕ್ ಅಪಘಾತದಲ್ಲಿ ಹೆಲ್ಮೆಟ್ ತಲೆಯನ್ನು ಕಾಪಾಡುತ್ತದೆ, ಭುಜವನ್ನು ಕಾಪಾಡುವುದಿಲ್ಲ. ಸವಾರ ರಸ್ತೆಗೆ ಅಪ್ಪಳಿಸುವಾಗ ತಲೆ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ಜಗ್ಗಿದರೆ, ಕುತ್ತಿಗೆಯಿಂದ ಕೈಗೆ ಇಳಿಯುವ ಐದು ನರಬೇರುಗಳ ಜಾಲ ಹಿಗ್ಗುತ್ತದೆ, ಹರಿಯುತ್ತದೆ, ಕೆಲವೊಮ್ಮೆ ಬೆನ್ನುಹುರಿಯಿಂದಲೇ ಕಿತ್ತುಬರುತ್ತದೆ. ಬ್ರೇಕಿಯಲ್ ಪ್ಲೆಕ್ಸಸ್ ಎಂದು ವೈದ್ಯರು ಕರೆಯುವ ಈ ಜಾಲ ಹರಿದದ್ದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕೈ ಮಾತ್ರ ಜೋತುಬೀಳುತ್ತದೆ. ನಮ್ಮ ದೇಶದಲ್ಲಿ ಇಂಥ ಗಾಯಕ್ಕೆ ದ್ವಿಚಕ್ರ ವಾಹನ ಅಪಘಾತಗಳೇ ಮುಖ್ಯ ಕಾರಣ. ಗಾಯಾಳುಗಳಲ್ಲಿ ಬಹುಪಾಲು ದುಡಿಯುವ ವಯಸ್ಸಿನ ಗಂಡಸರು. ಪ್ರಾಣ ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ, ಕೈ ತಾನಾಗಿಯೇ ಸರಿಹೋಗುತ್ತದೆ ಎಂಬ ಭರವಸೆಯಲ್ಲಿ ತಿಂಗಳುಗಳು ಕಳೆಯುತ್ತವೆ. ನರದ ಗಾಯವನ್ನು ಮೊದಲ ದಿನದಿಂದಲೇ ಗಡುವುಳ್ಳ ಗಾಯ ಎಂದು ನೋಡಬೇಕು. ಹಾಗೆ ನೋಡದಿರುವುದರಿಂದಲೇ ಚಿಕಿತ್ಸೆಗೆ ಒಗ್ಗಬಹುದಾದ ಕೈಗಳೂ ನಿರುಪಯುಕ್ತವಾಗುತ್ತಿವೆ.

ಈ ಗಡುವನ್ನು ಹಾಕಿದ್ದು ಆಸ್ಪತ್ರೆಯಲ್ಲ, ದೇಹ. 1850ರಲ್ಲಿ ವಿಜ್ಞಾನಿ ಅಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ನೋಡಿದಾಗ, ಜೀವಕೋಶದ ಸಂಪರ್ಕ ಕಳೆದುಕೊಂಡ ಆಚೆಯ ತುಂಡಿನ ತಂತುಗಳು ಕ್ರಮೇಣ ನಶಿಸುವುದು ಕಂಡಿತು. ತಂತು ನಶಿಸಿದರೂ ಅದನ್ನು ಸುತ್ತಿದ್ದ ಕೊಳವೆ ಉಳಿದಿರುತ್ತದೆ. ಹಂಬು ಚಪ್ಪರ ಹಿಡಿದು ಹಬ್ಬುವಂತೆ, ಮೇಲಿನ ತುದಿಯಿಂದ ಚಿಗುರುವ ಹೊಸ ತಂತು ಆ ಕೊಳವೆಯನ್ನೇ ಹಿಡಿದು ಕೆಳಗಿಳಿಯುತ್ತದೆ. ಆದರೆ ಅದರ ನಡಿಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ತಿಂಗಳಿಗೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೇ. ಕುತ್ತಿಗೆಯಿಂದ ತೋಳಿನ ಸ್ನಾಯುವಿಗೆ 25 ಸೆಂಟಿಮೀಟರ್ ದಾರಿ ಎಂದುಕೊಂಡರೂ ಎಂಟು ತಿಂಗಳು ಬೇಕು. ಬೆರಳುಗಳನ್ನು ಆಡಿಸುವ ಅಂಗೈಯ ಸಣ್ಣ ಸ್ನಾಯುಗಳನ್ನು ಮುಟ್ಟಲು ಸುಮಾರು ಎರಡು ವರ್ಷ ಬೇಕು. ಇತ್ತ ನರದ ಸಂಪರ್ಕವಿಲ್ಲದ ಸ್ನಾಯು ಸೊರಗುತ್ತಾ, ಕೊಬ್ಬು ನಾರುಗಳಿಂದ ತುಂಬುತ್ತಾ ಹೋಗಿ, ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ನರವನ್ನು ಸ್ವೀಕರಿಸುವ ಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಒಂಬತ್ತನೆಯ ತಿಂಗಳಲ್ಲಿ ಅಷ್ಟು ಮೇಲೆ ಹೊಲಿದ ನರ ಸ್ನಾಯುವನ್ನು ತಲುಪುವ ಹೊತ್ತಿಗೆ ಅಲ್ಲಿ ಅದಕ್ಕೆ ಕೆಲಸವೇ ಉಳಿದಿರುವುದಿಲ್ಲ.

ನರಗಳು ತಾವಾಗಿಯೇ ಚೇತರಿಸಿಕೊಳ್ಳುವುದಿಲ್ಲವೇ, ಅವಸರದಲ್ಲಿ ಕತ್ತಿ ಹಾಕಿ ಇದ್ದುದನ್ನೂ ಕೆಡಿಸುವುದೇಕೆ ಎಂಬ ಆಕ್ಷೇಪ ಬರುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಹರ್ಬರ್ಟ್ ಸೆಡ್ಡನ್ 1943ರಲ್ಲಿ ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ತಂತು ಕಡಿಯದೆ ಸಂಕೇತ ಮಾತ್ರ ನಿಂತದ್ದು, ಒಳಗಿನ ತಂತು ಕಡಿದು ಹೊರಕವಚ ಉಳಿದದ್ದು, ಇಡೀ ನರವೇ ತುಂಡಾದದ್ದು. ಮೊದಲನೆಯದು ವಾರಗಳಲ್ಲಿ ಸರಿಹೋಗುತ್ತದೆ, ಎರಡನೆಯದು ತಿಂಗಳುಗಳಲ್ಲಿ. ಮೂರನೆಯದಕ್ಕೆ ಹೊಲಿಗೆಯ ಹೊರತು ದಾರಿಯಿಲ್ಲ. ಆದ್ದರಿಂದ ಕಾಯುವುದೇ ತಪ್ಪು ಎಂದಲ್ಲ, ಕಾಯುವಾಗಲೂ ಕಣ್ಣಿಟ್ಟಿರಬೇಕು. ಮೂರು ವಾರ ಕಳೆದ ಮೇಲೆ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇ.ಎಂ.ಜಿ. ಪರೀಕ್ಷೆ, ಬೇರು ಕಿತ್ತುಬಂದಿದೆಯೇ ಎಂದು ತಿಳಿಯಲು ಎಂ.ಆರ್.ಐ., ಪ್ರತಿ ತಿಂಗಳೂ ಸ್ನಾಯುಗಳ ಬಲದ ತಪಾಸಣೆ, ಇವಿಷ್ಟೂ ನಡೆಯಬೇಕು. ಮೂರು ತಿಂಗಳಾದರೂ ಚೇತರಿಕೆಯ ಕುರುಹು ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆ ಬರಬೇಕು. ಆರು ತಿಂಗಳು ದಾಟಿದಂತೆ ಫಲ ಕುಗ್ಗುತ್ತಾ ಹೋಗುತ್ತದೆ. ಬೇರು ಕಿತ್ತುಬಂದದ್ದು ಖಚಿತವಾದರೆ ಮೂರು ತಿಂಗಳವರೆಗೂ ಕಾಯಬೇಕಿಲ್ಲ. ಗಾಜು, ಮಚ್ಚಿನಿಂದಾದ ಸೀಳು ಗಾಯದಲ್ಲಂತೂ ತುದಿಗಳು ಹಿಂದೆ ಸರಿದುಕೊಳ್ಳುವ ಮೊದಲೇ, ಕೆಲವೇ ದಿನಗಳಲ್ಲಿ, ಹೊಲಿಯುವುದು ಒಳ್ಳೆಯದು.

ಹೊಲಿಗೆಯ ವಿದ್ಯೆಯೂ ಅರ್ಧ ಶತಮಾನದಲ್ಲಿ ಬಹಳ ಬದಲಾಗಿದೆ. ಹಿಂದೆ ಹರಿದ ತುದಿಗಳನ್ನು ಎಳೆದು ಜೋಡಿಸುತ್ತಿದ್ದರು. ಬಿಗಿತಕ್ಕೆ ರಕ್ತಸಂಚಾರ ಕುಗ್ಗಿ, ಗಾಯದ ಕಲೆ ಬೆಳೆದು ನರ ಮುಂದೆ ಸಾಗುತ್ತಿರಲಿಲ್ಲ. ವಿಯೆನ್ನಾದ ಹ್ಯಾನೊ ಮಿಲ್ಲೆಸಿ ಎಳೆತವೇ ಶತ್ರು ಎಂದು ತೋರಿಸಿಕೊಟ್ಟರು. ಅಂದಿನಿಂದ ಕಾಲಿನ ಮೀನಖಂಡದ ಹಿಂಬದಿಯ ಸ್ಪರ್ಶನರವನ್ನು ತೆಗೆದು, ಅಂತರವಿರುವಲ್ಲಿ ಸಡಿಲವಾಗಿ ಕೂರಿಸಿ, ಮೈಕ್ರೋಸ್ಕೋಪ್ ಅಡಿಯಲ್ಲಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುವುದು ರೂಢಿಯಾಯಿತು. ಪಾದದ ಹೊರ ಅಂಚು ಜೋಮು ಹಿಡಿದಂತಿರುತ್ತದೆ, ಅದೇ ಅದರ ಬೆಲೆ. ನರಬೇರೇ ಕಿತ್ತುಬಂದಿದ್ದರೆ ಇಂಥ ಕಸಿಗೂ ಆಧಾರವಿಲ್ಲ. ಅಂಥವರಲ್ಲಿ ಕೆಳಗಿನ ಬೇರುಗಳು ಉಳಿದವರಿಗೆ 1994ರಲ್ಲಿ ಪ್ಯಾರಿಸ್ಸಿನ ಕ್ರಿಸ್ಟೋಫ್ ಒಬರ್ಲಿನ್ ಹೊಸ ದಾರಿ ತೋರಿದರು: ಅಂಗೈಗೆ ಹೋಗುವ ಅಲ್ನಾರ್ ನರದ ಒಂದು ಸಣ್ಣ ಎಳೆಯನ್ನು ಬಿಡಿಸಿ, ಪಕ್ಕದಲ್ಲೇ ಇರುವ ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸುವುದು. ದಾರಿ ಕೆಲವೇ ಸೆಂಟಿಮೀಟರ್, ಆದ್ದರಿಂದ ಕೆಲವೇ ತಿಂಗಳಲ್ಲಿ ಮೊಣಕೈ ಮಡಚಲು ಬರುತ್ತದೆ. ಕೈಯ ಹಿಡಿತವೂ ಸಾಮಾನ್ಯವಾಗಿ ಉಳಿಯುತ್ತದೆ. ಮೊದಮೊದಲು ಮೊಣಕೈ ಮಡಚಲು ರೋಗಿ ಮುಷ್ಟಿ ಬಿಗಿಹಿಡಿಯಬೇಕು. ಅಭ್ಯಾಸವಾದಂತೆ ಮಿದುಳು ಹೊಸ ನಂಟನ್ನು ಕಲಿತು ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಸುಂದರವಾದ ಯೋಚನೆಗಳು ಹೆಚ್ಚಿಲ್ಲ. ಆದರೆ ಇದಕ್ಕೂ ಸ್ನಾಯು ಜೀವಂತವಾಗಿರಬೇಕು.

ಇಷ್ಟೆಲ್ಲ ಮಾಡಿದರೂ ಕೈ ಮೊದಲಿನಂತಾಗುವುದಿಲ್ಲವಲ್ಲ ಎನ್ನುವವರಿಗೆ ಪ್ರಾಮಾಣಿಕ ಉತ್ತರ: ಆಗುವುದಿಲ್ಲ. ಐದೂ ಬೇರುಗಳು ಹೋದವರಿಗೆ ಬೆರಳುಗಳ ಕುಶಲತೆ ಮರಳುವುದು ತೀರಾ ವಿರಳ. ಹಾಗಾಗಿಯೇ ಶಸ್ತ್ರಚಿಕಿತ್ಸಕರು ಮೊಣಕೈ ಮಡಚುವುದಕ್ಕೂ ಭುಜ ನಿಲ್ಲುವುದಕ್ಕೂ ಮೊದಲ ಆದ್ಯತೆ ಕೊಡುತ್ತಾರೆ. ಚೀಲ ತೂಗುಹಾಕಿಕೊಳ್ಳಲು, ಇನ್ನೊಂದು ಕೈಯ ಕೆಲಸಕ್ಕೆ ಆಸರೆಯಾಗಲು ಬರುವ ಕೈಗೂ ಎದೆಗೆ ಕಟ್ಟಿಕೊಂಡು ತಿರುಗಬೇಕಾದ ಕೈಗೂ ಇರುವ ಅಂತರ ದುಡಿದು ತಿನ್ನುವವನಿಗೆ ಸಣ್ಣದಲ್ಲ. ತಡವಾಗಿ ಬಂದವರಿಗೂ ದಾರಿಗಳಿವೆ, ನಿಜ. ಕುಷ್ಠದಿಂದ ಮುದುಡಿದ ಬೆರಳುಗಳನ್ನು ವೆಲ್ಲೂರಿನಲ್ಲಿ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಸ್ನಾಯುರಜ್ಜು ಸ್ಥಳಾಂತರಿಸಿ ಬಿಡಿಸಿದರು; ಇಂದು ತೊಡೆಯ ಸ್ನಾಯುವನ್ನೇ ತೋಳಿಗೆ ಕಸಿ ಮಾಡುವವರಿದ್ದಾರೆ. ಅವು ದೊಡ್ಡ ಶಸ್ತ್ರಚಿಕಿತ್ಸೆಗಳು. ಮೂರನೆಯ ತಿಂಗಳಲ್ಲಿ ಬಂದಿದ್ದರೆ ಎಷ್ಟೋ ಜನರಿಗೆ ಅವು ಬೇಕಾಗುತ್ತಲೇ ಇರಲಿಲ್ಲ. ಖರ್ಚಿನ ಪ್ರಶ್ನೆಗೂ ಇದೇ ಉತ್ತರ: ತಡಮಾಡಿದ ಚಿಕಿತ್ಸೆ ಅಗ್ಗವಾಗುವುದಿಲ್ಲ.

ಫಿಸಿಯೋಥೆರಪಿ ಕೀಲುಗಳು ಬಿಗಿಯದಂತೆ ನೋಡಿಕೊಳ್ಳುತ್ತದೆ, ಅದನ್ನು ಬಿಡಬಾರದು. ಆದರೆ ಎಣ್ಣೆ ನೀವುವುದರಿಂದಾಗಲಿ, ಕರೆಂಟ್ ಕೊಡಿಸುವುದರಿಂದಾಗಲಿ, ವಿಟಮಿನ್ ಮಾತ್ರೆಗಳಿಂದಾಗಲಿ ತುಂಡಾದ ನರ ಕೂಡುವುದಿಲ್ಲ. ಅಪಘಾತದ ರೋಗಿಯನ್ನು ಮನೆಗೆ ಕಳಿಸುವ ವೈದ್ಯರು ಡಿಸ್ಚಾರ್ಜ್ ಚೀಟಿಯಲ್ಲಿ ಇ.ಎಂ.ಜಿ.ಯ ದಿನಾಂಕವನ್ನೂ ಮೂರು ತಿಂಗಳು ತುಂಬುವ ದಿನಾಂಕವನ್ನೂ ಬರೆದುಕೊಡಲಿ. ಬರೆಯದಿದ್ದರೆ ಮನೆಯವರೇ ಕೇಳಿ ಬರೆಸಿಕೊಳ್ಳಿ, ಆ ದಿನಕ್ಕೂ ಕೈ ಆಡದಿದ್ದರೆ ನರಗಳ ಶಸ್ತ್ರಚಿಕಿತ್ಸೆ ಮಾಡುವ ಪ್ಲಾಸ್ಟಿಕ್ ಸರ್ಜನ್ ಅಥವಾ ಕೈ ತಜ್ಞರ ಬಳಿಗೆ ಕರೆದೊಯ್ಯಿರಿ.