ನಿಮಗಿದು ಗೊತ್ತೇ? ಮನೆಕಂದಾಯದ ಮೇಲೆ ನಿಂತ ಅಮೆರಿಕದ ಶಾಲೆಗಳು

ಅಡುಗೆಮನೆಯ ಸಿಲಿಂಡರ್ ಸೋರಿದಾಗ ಮೂಗಿಗೆ ಅಡರುವ ಕೊಳೆತ ವಾಸನೆ ಗ್ಯಾಸಿನದಲ್ಲ. ಸೋರಿದ್ದು ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ರಾಸಾಯನಿಕವನ್ನು ಅದಕ್ಕೆ ಬೆರೆಸಿರುತ್ತಾರೆ. ಈ ಬೆರಕೆ ಕಡ್ಡಾಯವಾಗುವುದಕ್ಕೆ ಕಾರಣ ಒಂದು ಶಾಲೆ.

ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಣ್ಣೆಬಾವಿಗಳಿಂದ ದಿಢೀರ್ ಸಿರಿವಂತವಾದ ಹಳ್ಳಿ. 1930ರ ದಶಕದ ಆರಂಭದಲ್ಲಿ, ದೇಶವೆಲ್ಲ ಬಡತನದಲ್ಲಿದ್ದಾಗ, ಅಲ್ಲಿನ ಶಾಲಾ ಮಂಡಳಿ ಸುಮಾರು 10 ಲಕ್ಷ ಡಾಲರ್ ಸುರಿದು ಉಕ್ಕಿನ ಚೌಕಟ್ಟಿನ ದೊಡ್ಡ ಶಾಲೆ ಕಟ್ಟಿಸಿತು. 1937ರ ಆರಂಭದಲ್ಲಿ ಅದೇ ಮಂಡಳಿ ಗ್ಯಾಸ್ ಬಿಲ್ಲು ಉಳಿಸಲು ಕಂಪನಿಯ ಸಂಪರ್ಕ ಬಿಟ್ಟು, ಎಣ್ಣೆಯವರು ಸುಮ್ಮನೆ ಸುಟ್ಟುಬಿಡುತ್ತಿದ್ದ ಉಳಿಕೆ ಗ್ಯಾಸಿನ ಕೊಳವೆಗೆ ಶಾಲೆಯ ಕೊಳವೆ ಜೋಡಿಸಿತು. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ್ದು ನೆಲದಡಿ ತುಂಬಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡುವುದಕ್ಕೆ ಇನ್ನೇನು ಕೆಲವೇ ನಿಮಿಷವಿದ್ದಾಗ, ಮರಗೆಲಸ ಕಲಿಸುವ ಮೇಷ್ಟರು ಯಂತ್ರದ ಸ್ವಿಚ್ ಹಾಕಿದರು. ಕಿಡಿ ತಾಗಿ ಕಟ್ಟಡವೇ ಮೇಲೆದ್ದು ಕುಸಿಯಿತು. ಸತ್ತವರು ಸುಮಾರು 300 ಮಂದಿ, ಬಹುಪಾಲು ಮಕ್ಕಳು. ಕೆಲವೇ ವಾರಗಳಲ್ಲಿ ಟೆಕ್ಸಸ್ ಶಾಸನಸಭೆ ಗ್ಯಾಸಿಗೆ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಬೇರೆ ಕಡೆಗಳಲ್ಲೂ ಅದೇ ಪದ್ಧತಿ ಬಂತು. ಶಾಲೆಯ ಇಂಧನದ ಬಿಲ್ಲು ಎಂಬ ಸಣ್ಣ ವಿಷಯ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇಷ್ಟು ದೊಡ್ಡ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ.

ಅಮೆರಿಕದಲ್ಲಿ ಇಂಥ ಶಾಲಾ ಮಂಡಳಿ ನಡೆಸುವ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂದರೆ ನಮ್ಮ ಶಿರಸಿ, ಮಧುಗಿರಿ, ಚಿಕ್ಕೋಡಿಯಂಥ ಶೈಕ್ಷಣಿಕ ಜಿಲ್ಲೆಯಲ್ಲ. ನಮ್ಮಲ್ಲಿ ಅದು ಇಲಾಖೆ ಎಳೆದ ಗಡಿ, ಉಪನಿರ್ದೇಶಕರು ಅದರ ಮುಖ್ಯಸ್ಥರು. ಅಲ್ಲಿ ಅದೊಂದು ಪುಟ್ಟ ಸರ್ಕಾರ. ಬಹುತೇಕ ಕಡೆ ಊರಿನವರೇ ವೋಟು ಹಾಕಿ ಮಂಡಳಿಯನ್ನು ಆರಿಸುತ್ತಾರೆ. ಶಿಕ್ಷಕರನ್ನು ನೇಮಿಸುವುದು, ತೆರಿಗೆ ಎತ್ತುವುದು, ಕಟ್ಟಡಕ್ಕೆ ಸಾಲ ಮಾಡುವುದು ಎಲ್ಲ ಮಂಡಳಿಯ ಕೆಲಸ. ನಮ್ಮ ಎಸ್‌ಡಿಎಂಸಿಗೆ ಇವುಗಳಲ್ಲಿ ಒಂದು ಅಧಿಕಾರವೂ ಇಲ್ಲ.

1939-40ರಲ್ಲಿ ಇಂಥ ಡಿಸ್ಟ್ರಿಕ್ಟ್‌ಗಳು 1,17,108 ಇದ್ದವು. ಒಂದನ್ನೊಂದು ಸೇರಿಸುತ್ತ ಬಂದು ಈಗ ಉಳಿದಿರುವುದು ಸುಮಾರು 13,000.

ಹವಾಯಿ ರಾಜ್ಯಕ್ಕೆಲ್ಲ ಸೇರಿ ಇರುವುದು ಒಂದೇ ಡಿಸ್ಟ್ರಿಕ್ಟ್!

ಹಳ್ಳಿಗಳ ಒಂದು ಕೋಣೆಯ ಶಾಲೆಗಳು ಮುಚ್ಚಿ ದೂರದ ದೊಡ್ಡ ಶಾಲೆ ಬಂದಾಗ ಮಕ್ಕಳಿಗೆ ಬಸ್ಸು ಬೇಕಾಯಿತು. ಅಮೆರಿಕದ ಶಾಲಾ ಬಸ್ಸಿನ ಆ ಹಳದಿ ಬಣ್ಣವನ್ನು 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕರೆದ ಸಭೆ ನಿಗದಿ ಮಾಡಿತು. ಮುಂಜಾನೆಯ ಮಬ್ಬಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ.

ನಮ್ಮ ಕಡೆ ದೇವಸ್ಥಾನಕ್ಕೆ ಉಂಬಳಿ ಬಿಡುತ್ತಿದ್ದರಲ್ಲ, ಅಮೆರಿಕದಲ್ಲಿ ಶಾಲೆಗೆ ಉಂಬಳಿ ಬಿಟ್ಟಿದ್ದರು. 1785ರ ಭೂಮಿ ಕಾಯ್ದೆಯಂತೆ ಪಶ್ಚಿಮದ ಹೊಸ ನೆಲವನ್ನು 36 ಚದರ ಮೈಲಿಯ ಹೋಬಳಿಗಳಾಗಿ ಅಳೆದು, ಪ್ರತಿಯೊಂದರಲ್ಲೂ 16ನೇ ನಂಬರಿನ ಒಂದು ಚದರ ಮೈಲಿಯನ್ನು ಶಾಲೆಯ ಹೆಸರಿಗೆ ಮೀಸಲಿಟ್ಟರು. ಸಂವಿಧಾನ ಬರೆಯುವುದಕ್ಕೂ ಎರಡು ವರ್ಷ ಮೊದಲಿನ ಮಾತು ಇದು.

ಹೈಸ್ಕೂಲಿಗೆ ತೆರಿಗೆ ಹಣ ಕೊಡಬೇಕೇ ಎಂಬ ಜಗಳವೂ ಹಳೆಯದು. ಮಿಷಿಗನ್ ರಾಜ್ಯದ ಕಲಮಜೂ ಊರಿನ ಕೆಲವು ತೆರಿಗೆದಾರರು ಪ್ರಾಥಮಿಕ ಶಾಲೆಗಷ್ಟೇ ಕೊಡುತ್ತೇವೆ, ಅದರಾಚೆ ಕೊಡುವುದಿಲ್ಲ ಎಂದು ಕೋರ್ಟಿಗೆ ಹೋದರು. 1874ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಡಬೇಕು ಎಂದಿತು. ಅಮೆರಿಕದ ಊರೂರಲ್ಲಿ ಸರ್ಕಾರಿ ಹೈಸ್ಕೂಲು ಬೆಳೆದದ್ದಕ್ಕೆ ಈ ತೀರ್ಪು ಬಲ ಕೊಟ್ಟಿತು.

ನಾವು ಮನೆಕಂದಾಯದ ಜತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲೇ ಮನೆಕಂದಾಯದಿಂದ ಬರುತ್ತದೆ, ಉಳಿದ ಬಹುಪಾಲು ರಾಜ್ಯದಿಂದ. ಕೇಂದ್ರ ಸರ್ಕಾರ ಕೊಡುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಮನೆಗಳಿಗೆ ಬೆಲೆಯಿದ್ದ ಊರಿನ ಶಾಲೆಗೆ ಹಣವಿದೆ, ಬೆಲೆಯಿಲ್ಲದ ಊರಿನ ಶಾಲೆಗೆ ಇಲ್ಲ.

ಇದು ಅನ್ಯಾಯ ಎಂದು ಬೀದಿಗಿಳಿದವರು ಮೊದಲು ಮಕ್ಕಳೇ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ಮೆಕ್ಸಿಕನ್ ಮೂಲದ ಕೂಲಿಕಾರರೇ ಹೆಚ್ಚಿದ್ದ ಎಜ್‌ವುಡ್ ಡಿಸ್ಟ್ರಿಕ್ಟ್‌ನಲ್ಲಿ 1968ರ ಮೇ ತಿಂಗಳಲ್ಲಿ ಸುಮಾರು 400 ಹೈಸ್ಕೂಲು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಒಡೆದ ಕಿಟಕಿ, ಹಾಳುಬಿದ್ದ ಕಟ್ಟಡ, ಅರ್ಹ ಶಿಕ್ಷಕರ ಕೊರತೆ ಅವರ ದೂರು. ಅದೇ ವರ್ಷ ತಂದೆತಾಯಿಗಳು ದಾವೆ ಹೂಡಿದರು. ಅವರ ಮುಂದಾಳು ಡೆಮೆಟ್ರಿಯೊ ರಾಡ್ರಿಗಸ್, ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದವರು. ಅವರು ಕೋರ್ಟಿನ ಮುಂದಿಟ್ಟ ಲೆಕ್ಕ ಇವತ್ತಿಗೂ ಓದಬೇಕಾದದ್ದು. ಎಜ್‌ವುಡ್‌ನವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು, ಅದರಿಂದ ಶಾಲೆಗೆ ಸಿಗುತ್ತಿದ್ದದ್ದು ಮಗುವೊಂದಕ್ಕೆ 26 ಡಾಲರ್. ಅದೇ ನಗರದ ಸಿರಿವಂತ ಅಲಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್ ಮಾತ್ರ, ಅವರಿಗೆ ಸಿಗುತ್ತಿದ್ದದ್ದು 333 ಡಾಲರ್. ಬಡವರು ಹೆಚ್ಚು ಕಟ್ಟಿ ಕಡಿಮೆ ಪಡೆಯುತ್ತಿದ್ದರು. ರಾಜ್ಯ ಮತ್ತು ಕೇಂದ್ರದ ಹಣ ಸೇರಿಸಿದ ಮೇಲೂ ಎಜ್‌ವುಡ್ ಮಗುವಿಗೆ 356 ಡಾಲರ್, ಅಲಮೊ ಹೈಟ್ಸ್ ಮಗುವಿಗೆ 594.

1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರಿಂದ ಆ ತಂದೆತಾಯಿಗಳ ವಿರುದ್ಧ ತೀರ್ಪು ಕೊಟ್ಟಿತು. ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ ಎಂಬುದು ಅದರ ತಿರುಳು. ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಹಿಂದೊಮ್ಮೆ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಭಿನ್ನಮತ ಬರೆದವರಲ್ಲಿ ಒಬ್ಬರು, ಶಾಲೆಗಳಲ್ಲಿ ಕರಿಯರು–ಬಿಳಿಯರ ಬೇರ್ಪಡಿಕೆಯನ್ನು ಕೊನೆಗಾಣಿಸಿದ ಮೊಕದ್ದಮೆಯನ್ನು ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್. 1973ರ ಆ ತೀರ್ಪು ಇನ್ನೂ ಜಾರಿಯಲ್ಲಿದೆ. ನನ್ನ ಮಟ್ಟಿಗೆ ಅದು ತಪ್ಪು ತೀರ್ಪು.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು, ಅದರ ಮೊದಲ ಹೆಜ್ಜೆ ಕರ್ನಾಟಕದ ಪ್ರಕರಣದಲ್ಲೇ ಬಿತ್ತು. ತುಮಕೂರಿನ ವೈದ್ಯಕೀಯ ಕಾಲೇಜೊಂದರ ಸೀಟಿಗೆ ಹೊರರಾಜ್ಯದವರು ವರ್ಷಕ್ಕೆ 60,000 ರೂಪಾಯಿ ಕಟ್ಟಬೇಕೆಂಬ ನಿಯಮವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 1992ರಲ್ಲಿ, ಭಾರತದ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಮೂಲಭೂತ ಹಕ್ಕೆಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ ಉಳಿಸಿಕೊಂಡಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು, 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಜಾರಿಯಾಯಿತು.

1973ರ ತೀರ್ಪಿನಿಂದ ಕೇಂದ್ರದ ಬಾಗಿಲು ಮುಚ್ಚಿದ ಮೇಲೆ ಅಮೆರಿಕದ ಜನ ತಮ್ಮ ತಮ್ಮ ರಾಜ್ಯದ ಸಂವಿಧಾನ ಹಿಡಿದು ಹೊರಟರು. ನ್ಯೂಜೆರ್ಸಿಯಲ್ಲಿ ಶಾಸನಸಭೆ ಹಣ ಒದಗಿಸದಿದ್ದಾಗ ಕೋರ್ಟ್ 1976ರ ಜುಲೈನಲ್ಲಿ ಇಡೀ ರಾಜ್ಯದ ಶಾಲೆಗಳನ್ನೇ ಮುಚ್ಚಿಸಿತು. ಎಂಟೇ ದಿನಗಳಲ್ಲಿ ಶಾಸನಸಭೆ ಹಣಕ್ಕೆ ದಾರಿ ಮಾಡಿತು. ಆ ರಾಜ್ಯದ ಆದಾಯ ತೆರಿಗೆ ಹುಟ್ಟಿದ್ದು ಹೀಗೆ.

ಎಜ್‌ವುಡ್‌ನವರೂ ಸುಮ್ಮನಿರಲಿಲ್ಲ. 1989ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಒಕ್ಕೊರಲಿನಿಂದ ಅವರ ಪರ ನಿಂತಿತು. 1993ರ ಕಾನೂನಿನಂತೆ ಸಿರಿವಂತ ಡಿಸ್ಟ್ರಿಕ್ಟ್‌ಗಳು ಒಂದು ಪಾಲು ತೆರಿಗೆಯನ್ನು ರಾಜ್ಯಕ್ಕೆ ಒಪ್ಪಿಸಬೇಕು. ಜನ ಅದಕ್ಕಿಟ್ಟ ಹೆಸರು ‘ರಾಬಿನ್ ಹುಡ್’. ಹೆಚ್ಚು ಕೊಡುವುದು ರಾಜಧಾನಿ ಆಸ್ಟಿನ್. ಅಲ್ಲಿ ಮನೆಗಳ ಬೆಲೆ ಆಕಾಶಕ್ಕೇರಿದೆ, ಆದರೆ ಅದರ ಶಾಲೆಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಬಡ ಮನೆಯವರು. ಕಾನೂನು ನೋಡುವುದು ಆಸ್ತಿಯ ಬೆಲೆಯನ್ನು. ಆಸ್ಟಿನ್‌ನವರ ಕೂಗಿನಲ್ಲೂ ಹುರುಳಿದೆ ಎಂದೇ ನನಗನಿಸುತ್ತದೆ.

ವಾಷಿಂಗ್ಟನ್ ರಾಜ್ಯದ ಸಂವಿಧಾನ ಮಕ್ಕಳ ಶಿಕ್ಷಣವನ್ನು ಸರ್ಕಾರದ ಪರಮ ಕರ್ತವ್ಯ ಎನ್ನುತ್ತದೆ. ಅದನ್ನು ಪಾಲಿಸದ ಶಾಸನಸಭೆಗೆ ಅಲ್ಲಿನ ಸುಪ್ರೀಂ ಕೋರ್ಟ್ 2015ರ ಆಗಸ್ಟಿನಿಂದ ದಿನಕ್ಕೊಂದು ಲಕ್ಷ ಡಾಲರ್ ದಂಡ ಹಾಕಿತು. 2018ರಲ್ಲಿ ಪ್ರಕರಣ ಮುಗಿಯುವ ಹೊತ್ತಿಗೆ ದಂಡ 10 ಕೋಟಿ ಡಾಲರ್ ದಾಟಿತ್ತು.

ಮಿಷಿಗನ್‌ನಲ್ಲಿ ಅಕ್ಟೋಬರಿನ ಮೊದಲ ಬುಧವಾರ ‘ಎಣಿಕೆಯ ದಿನ’. ಅವತ್ತು ಎಷ್ಟು ಮಕ್ಕಳಿದ್ದರೆಂಬುದರ ಮೇಲೆ ವರ್ಷದ ಹಣ ಬಹುಪಾಲು ನಿಂತಿದೆ. ಒಂದು ಮಗುವೂ ತಪ್ಪಿಸಿಕೊಳ್ಳದಿರಲಿ ಎಂದು ಶಾಲೆಗಳು ಪಿಜ್ಜಾ ಹಂಚುವುದೂ ಉಂಟು.

ಟೆಕ್ಸಸ್‌ನ ಫ್ರಿಸ್ಕೊ ಊರು ಡಲ್ಲಾಸ್ ಸುತ್ತಲಿನ ಕನ್ನಡಿಗರಿಗೆ ಚಿರಪರಿಚಿತ. 2000ದಲ್ಲಿ ಅದರ ಜನಸಂಖ್ಯೆ 33,714, 2020ರಲ್ಲಿ 2,00,509. 2003ರವರೆಗೆ ಇಡೀ ಡಿಸ್ಟ್ರಿಕ್ಟ್‌ಗೆ ಒಂದೇ ಹೈಸ್ಕೂಲು, ಈಗ 12. ಭಾರತದಿಂದ ಹೋಗಿ ನೆಲೆಸಿದ ಕುಟುಂಬಗಳು ಎಷ್ಟೆಂದರೆ ಅಲ್ಲಿನ ಶಾಲೆಗಳಲ್ಲಿ ಏಷ್ಯಾ ಮೂಲದ ಮಕ್ಕಳದೇ ಅತಿ ದೊಡ್ಡ ಗುಂಪು. ಆದರೆ ಬೆಳೆದ ಊರಿನಲ್ಲಿ ಮನೆ ತುಟ್ಟಿಯಾಯಿತು, ಎಳೆಯ ಮಕ್ಕಳ ಹೊಸ ಸಂಸಾರಗಳು ಇನ್ನೂ ದೂರದ ಊರುಗಳತ್ತ ಸರಿದವು. 2024ರಲ್ಲಿ ಶಾಲೆಗಾಗಿ ಕೇಳಿದ ತೆರಿಗೆ ಹೆಚ್ಚಳವನ್ನು ಮತದಾರರು ತಳ್ಳಿಹಾಕಿದರು. ಅದೇ ವರ್ಷ ಮಂಡಳಿ ಒಂದು ಮಾಧ್ಯಮಿಕ ಶಾಲೆಯನ್ನು ಮುಚ್ಚಲು ತೀರ್ಮಾನಿಸಿತು. ಇಪ್ಪತ್ತು ವರ್ಷ ಶಾಲೆಯ ಮೇಲೆ ಶಾಲೆ ಕಟ್ಟಿದ ಊರು ಅದು.

ಮಕ್ಕಳು ಬೇಗ ಹೆಚ್ಚಿ ಕಟ್ಟಡ ತಡವಾದರೆ ಅಂಗಳಕ್ಕೆ ಗಾಡಿಯ ಮೇಲೆ ಕೋಣೆಗಳು ಬರುತ್ತವೆ. 2012-13ರ ಸರ್ಕಾರಿ ಸಮೀಕ್ಷೆಯಲ್ಲಿ 100ಕ್ಕೆ 31 ಶಾಲೆಗಳಲ್ಲಿ ಇಂಥ ತಾತ್ಕಾಲಿಕ ಕೋಣೆಗಳಿದ್ದವು. ತಾತ್ಕಾಲಿಕ ಎಂದು ಬಂದದ್ದು ಕಾಯಂ ಆಗುವುದು ಅಲ್ಲೂ ಇದೆ.

1977ರ ಚಳಿಗಾಲದಲ್ಲಿ ಗ್ಯಾಸ್ ಕೊರತೆಯಿಂದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಶಾಲೆಗಳು ಸುಮಾರು ಒಂದು ತಿಂಗಳು ಮುಚ್ಚಿದ್ದವು. ಪಾಠ ನಡೆದದ್ದು ಟಿವಿ, ರೇಡಿಯೊ ಮತ್ತು ದಿನಪತ್ರಿಕೆಗಳಲ್ಲಿ. ಕೋವಿಡ್‌ಗೆ 43 ವರ್ಷ ಮೊದಲು!

ಆ ದಶಕದಲ್ಲಿ ಇಂಧನ ಉಳಿಸುವ ಹೆಸರಿನಲ್ಲಿ ಎಷ್ಟೋ ಶಾಲೆಗಳು ಕಿಟಕಿ ಮುಚ್ಚಿದವು, ಕಿಟಕಿಯೇ ಇಲ್ಲದ ಶಾಲೆಗಳೂ ಎದ್ದವು. 1999ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಡಿಸ್ಟ್ರಿಕ್ಟ್‌ನ ಅಧ್ಯಯನದಲ್ಲಿ ಹಗಲು ಬೆಳಕು ಹೆಚ್ಚಿದ್ದ ಕೋಣೆಯ ಮಕ್ಕಳು ತೀರ ಕಡಿಮೆ ಬೆಳಕಿನ ಕೋಣೆಯವರಿಗಿಂತ ಒಂದು ವರ್ಷದಲ್ಲಿ ಗಣಿತದಲ್ಲಿ ಶೇ 20, ಓದಿನಲ್ಲಿ ಶೇ 26ರಷ್ಟು ವೇಗವಾಗಿ ಮುಂದುವರಿದದ್ದು ಕಂಡಿತು.

ಅಮೆರಿಕದ ಶಾಲೆಗಳು ವರ್ಷಕ್ಕೆ ಸುಮಾರು 800 ಕೋಟಿ ಡಾಲರ್ ಇಂಧನಕ್ಕೆ ಕಟ್ಟುತ್ತವೆ. ಪಠ್ಯಪುಸ್ತಕ ಮತ್ತು ಕಂಪ್ಯೂಟರ್ ಎರಡಕ್ಕೂ ಸೇರಿ ಅಷ್ಟು ಖರ್ಚಿಲ್ಲ. ಕೇಂದ್ರ ಸರ್ಕಾರದ ಲೆಕ್ಕಪರಿಶೋಧಕರ 2020ರ ವರದಿಯಂತೆ ನೂರರಲ್ಲಿ 41 ಡಿಸ್ಟ್ರಿಕ್ಟ್‌ಗಳು ತಮ್ಮ ಕನಿಷ್ಠ ಅರ್ಧದಷ್ಟು ಶಾಲೆಗಳ ಗಾಳಿ–ಶಾಖದ ಯಂತ್ರಗಳನ್ನು ಬದಲಿಸಬೇಕಿತ್ತು ಅಥವಾ ಸುಧಾರಿಸಬೇಕಿತ್ತು.

ಕೆಂಟಕಿ ಕಲ್ಲಿದ್ದಲಿನ ರಾಜ್ಯ. ಬಳಸುವಷ್ಟು ಶಕ್ತಿಯನ್ನು ತಾನೇ ತಯಾರಿಸುವ ದೇಶದ ಮೊದಲ ಸರ್ಕಾರಿ ಶಾಲೆ ತೆರೆದದ್ದು ಅಲ್ಲೇ, 2010ರಲ್ಲಿ, ರಿಚರ್ಡ್ಸ್‌ವಿಲ್‌ನಲ್ಲಿ. ಸೂರಿನ ಮೇಲೆ ಸೌರಫಲಕ ಹಾಕಿದ್ದಷ್ಟೇ ಅಲ್ಲ, ಮೊದಲು ಖರ್ಚು ಇಳಿಸಿದರು. ಗೋಡೆ ದಪ್ಪ ಮಾಡಿ ಶಾಖ ಹಿಡಿದರು. ಕಂಪ್ಯೂಟರ್ ಕೋಣೆ ತೆಗೆದು ಲ್ಯಾಪ್‌ಟಾಪ್ ಕೊಟ್ಟರು. ಅಡುಗೆಮನೆಯಿಂದ ಕರಿಯುವ ಬಾಂಡಲೆಯನ್ನು ಹೊರಗೆ ಹಾಕಿದರು. ಕರಿಯುವುದು ನಿಂತರೆ ಹೊಗೆ ಎಳೆಯುವ ದೊಡ್ಡ ಫ್ಯಾನು ಬೇಡ, ಆ ಫ್ಯಾನು ಬೇಡವಾದರೆ ಬಿಸಿ ಮಾಡಿದ ಗಾಳಿ ಹೊರಗೆ ಹೋಗುವುದಿಲ್ಲ.

ಅಂಥ ಶಾಲೆಗಳು ಶಾಖಕ್ಕೂ ತಂಪಿಗೂ ನೆಲದೊಳಗೆ ಕೊಳವೆ ಇಳಿಸುತ್ತವೆ. ತೆರೆದ ಬಾವಿಯಿದ್ದ ಮನೆಯಲ್ಲಿ ಬೆಳೆದವರಿಗೆ ಇದು ಹೊಸತಲ್ಲ: ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ. ಆಳದಲ್ಲಿ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ.

ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಮಕ್ಕಳ ಸಂಖ್ಯೆ ಏರಿದ್ದಕ್ಕೆ 2015ರಲ್ಲಿ ತೆರೆದ ಶಾಲೆಯ ಮೇಲೆ ಸುಮಾರು 1,700 ಸೌರಫಲಕಗಳಿವೆ. ಹೆಸರು ‘ಡಿಸ್ಕವರಿ’, ಅದೇ ನೆರೆಯಲ್ಲಿ ವಾಸವಾಗಿದ್ದ ಗಗನಯಾತ್ರಿ ಜಾನ್ ಗ್ಲೆನ್ ಗೌರವಾರ್ಥ.

ಕೊನೆಗೆ ಅರ್ಕನ್ಸಾಸ್ ರಾಜ್ಯದ ಬೇಟ್ಸ್‌ವಿಲ್. ಸಿರಿವಂತ ಊರಲ್ಲ. ಸಂಬಳ ಕಡಿಮೆಯೆಂದು ಶಿಕ್ಷಕರು ನಿಲ್ಲುತ್ತಿರಲಿಲ್ಲ, ಡಿಸ್ಟ್ರಿಕ್ಟ್‌ನ ಲೆಕ್ಕದಲ್ಲಿ 2,50,000 ಡಾಲರ್ ಖೋತಾ ಇತ್ತು. ಎಲ್ಲೆಲ್ಲಿ ಕರೆಂಟು ಪೋಲಾಗುತ್ತಿದೆ ಎಂದು ತಪಾಸಣೆ ಮಾಡಿಸಿದರು. ದೀಪ, ಕಿಟಕಿ, ಯಂತ್ರ ಬದಲಿಸಿದರು, ಪಾಳುಬಿದ್ದ ಜಾಗದಲ್ಲಿ 1,400ಕ್ಕೂ ಹೆಚ್ಚು ಸೌರಫಲಕ ನಿಲ್ಲಿಸಿದರು. ಮೂರೇ ವರ್ಷಗಳಲ್ಲಿ ಖೋತಾ ಹೋಗಿ 18 ಲಕ್ಷ ಡಾಲರ್ ಉಳಿತಾಯ ಕಂಡಿತು. ಶಿಕ್ಷಕರಿಗೆ ವರ್ಷಕ್ಕೆ ಸರಾಸರಿ 2,000ದಿಂದ 3,000 ಡಾಲರ್ ಸಂಬಳ ಹೆಚ್ಚಾಯಿತು.

ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದಂದು ಘೋಷಣೆಯಾಗಿದೆ. ಬಿಸಿಲು ಅಮೆರಿಕದ ಆ ಊರುಗಳಿಗಿಂತ ನಮ್ಮಲ್ಲೇ ಹೆಚ್ಚು. ನೀವು ನಿಮ್ಮೂರಿನ ಎಸ್‌ಡಿಎಂಸಿ ಸದಸ್ಯರಾಗಿದ್ದರೆ, ಶಾಲೆಯ ಸೂರಿನ ಮೇಲೆ ಎಷ್ಟು ಜಾಗ ಖಾಲಿಯಿದೆ, ಯಾವ ಕೋಣೆಗೆ ಹಗಲಿನಲ್ಲೂ ಲೈಟು ಬೇಕಾಗುತ್ತಿದೆ ಎಂದು ಒಮ್ಮೆ ನೋಡಿ ಬಂದು ಮುಂದಿನ ಸಭೆಯಲ್ಲಿ ಆ ಮಾತು ಎತ್ತಿ.