ಎಂಜಿನಿಯರಿಂಗ್ ಕಾಲೇಜು: ಮುಂದೆ ಎಷ್ಟು ಮಕ್ಕಳು ಸೇರಬಹುದು?

ದೊಡ್ಡಗದ್ದವಳ್ಳಿ ಸುತ್ತಿನ ಮಕ್ಕಳಿಗೆ ಎಂಜಿನಿಯರಿಂಗ್ ಎಂದರೆ ಮೊದಲು ಹಾಸನ. ಅಲ್ಲಿನ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾಯಿತು. ಜೈನ ಸಮಾಜದ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು 1997ರಲ್ಲಿ ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಸ್ಥಾಪನೆಯಾಯಿತು. ಆದರೆ ಸೀಟು ಇದ್ದಷ್ಟೂ ಮಕ್ಕಳು ಸೇರುತ್ತಾರೆಂದು ಹೇಳಲಾಗದು.

ಸೇರುವವರನ್ನು ಮೊದಲೇ ಅಂದಾಜು ಮಾಡಲು ಮೂರು ಲೆಕ್ಕ ಬೇಕು. ಒಂದು, ಈ ವರ್ಷ ಪ್ರಥಮ ಪಿಯು ವಿಜ್ಞಾನಕ್ಕೆ ಸೇರಿದವರು. ಎರಡು ವರ್ಷದ ನಂತರ ಸಿಇಟಿ ಬರೆಯುವವರು ಇವರೇ. ಎರಡು, ಸೀಟು ಹಂಚಿಕೆಯಾದವರಲ್ಲಿ ಶುಲ್ಕ ಕಟ್ಟಿ ಸೇರಿದವರು. ಮೂರು, ಬೇರೆ ಊರುಗಳಲ್ಲಿ ಹೆಚ್ಚಾದ ಸೀಟುಗಳು. 2024–25ರಿಂದ ಎಐಸಿಟಿಇ ಉತ್ತಮ ಸಾಧನೆಯ ಕಾಲೇಜುಗಳಿಗೆ ಸೀಟಿನ ಮಿತಿ ತೆಗೆದಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿದಷ್ಟೂ ಜಿಲ್ಲೆಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುವ ಸಂಭವ ಹೆಚ್ಚು.

ಒಂದೇ ವರ್ಷದ ಅಂಕಿ ನಂಬಬಾರದು. 2021ರಲ್ಲಿ ಕೊರೊನಾದಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಸಿಇಟಿ ಅಂಕದಿಂದಲೇ ರ‍್ಯಾಂಕ್ ಕೊಡಲಾಯಿತು. ಅಂಥ ವರ್ಷ ಬದಿಗಿಟ್ಟು ಕನಿಷ್ಠ ಮೂರು ವರ್ಷದ ಅಂಕಿ ನೋಡಬೇಕು.

ಮಕ್ಕಳು ಕಡಿಮೆಯಾದ ವಿಭಾಗಕ್ಕೆ ಉಪನ್ಯಾಸಕರೂ, ಕೆಲಸ ಕೊಡಲು ಬರುವ ಕಂಪನಿಗಳೂ ಕಡಿಮೆಯಾಗಬಹುದು. ಆದ್ದರಿಂದ ಆಯ್ಕೆ ದಾಖಲಿಸುವ ಮೊದಲೇ ಪೋಷಕರು ಕಾಲೇಜಿಗೆ ಹೋಗಿ, ಆ ವಿಭಾಗದಲ್ಲಿ ಈಗ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ವಿಚಾರಿಸುವುದು ಒಳಿತು.