ಅಟ್ಟೆ ನೋಡಿ ಬೂಟು ಕೊಳ್ಳಿ

ಊಟಿಯ ಇಳಿಜಾರುಗಳಲ್ಲಿ ಮೌಂಟನ್ ಬೈಕ್ ಓಡಿಸುವ ನಮ್ಮ ಮನೆಯ ಹುಡುಗ ಕಳೆದ ಮಳೆಗಾಲದಲ್ಲಿ ಕಣಕಾಲಿಗೆ ಗಾಯ ಮಾಡಿಕೊಂಡು ಬಂದ. ಬಿದ್ದದ್ದಲ್ಲ, ಪಾದ ಜಾರಿ ಪೆಡಲಿನ ಮೊಳೆಗಳು ತರಚಿದ್ದವು. ಹಾಕಿಕೊಂಡಿದ್ದು ನಾವೇ ಕೊಡಿಸಿದ ಓಟದ ಬೂಟು. ಅಂಗಡಿಯಲ್ಲಿ ಕೂತು ಬಾಳಿದವರು ನಾವು, ಬೆಲೆ ನೋಡಿದೆವು, ಅಟ್ಟೆ ನೋಡಲಿಲ್ಲ!

ಚಪ್ಪಟೆ ಪೆಡಲಿನ ಮೇಲೆ ಲೋಹದ ಸಣ್ಣ ಮೊಳೆಗಳಿರುತ್ತವೆ. ಅವು ಅಟ್ಟೆಯ ರಬ್ಬರನ್ನು ಕಚ್ಚಿದರೇ ಹಿಡಿತ. ಓಟದ ಬೂಟಿನ ಮೆತ್ತನೆಯ ಅಟ್ಟೆ ಪೆಡಲಿನ ಮೇಲೆ ಬಾಗಿ ಪಾದ ನೋಯುತ್ತದೆ. ಚಾರಣದ ಬೂಟಿನ ಆಳವಾದ ಗೀರುಗಳಲ್ಲಿ ಮೊಳೆ ಸರಿಯಾಗಿ ಕೂರುವುದಿಲ್ಲ. ಬೇಕಾದದ್ದು ಸಮತಟ್ಟಾದ ಅಟ್ಟೆ, ಹಿಡಿತವಿರುವ ಮೃದು ರಬ್ಬರು, ಕೈಯಲ್ಲಿ ಬಗ್ಗಿಸಿದರೆ ಸುಲಭವಾಗಿ ಮಡಚಿಕೊಳ್ಳದ ಬಿಗಿ. ಬಂಡೆ ಹತ್ತುವವರಿಗೆಂದು ಹುಟ್ಟಿದ ಫೈವ್ ಟೆನ್ ಕಂಪನಿಯ ಸ್ಟೆಲ್ತ್ ರಬ್ಬರು ಈ ಸವಾರರಿಗೂ ಒಗ್ಗಿದ್ದು ಆ ಹಿಡಿತಕ್ಕಾಗಿಯೇ. 2011ರಲ್ಲಿ ಆ ಕಂಪನಿಯನ್ನು ಅಡಿಡಾಸ್ ಕೊಂಡಿತು.

ನಮ್ಮವರು ಇನ್ನೊಂದು ಮಾತು ಕೇಳಲೇಬೇಕು: ಮೇಲ್ಭಾಗ ಯಾವುದರದು? ಸ್ವೀಡ್ ಎಂದರೆ ತೊಗಲೇ, ಬಟ್ಟೆಯಂತೆ ಕಂಡಿತೆಂದು ಮೋಸಹೋಗಬೇಡಿ. ಕೃತಕ ಬಟ್ಟೆಯ ಬೂಟುಗಳೂ ಸಿಗುತ್ತವೆ. ಕಲ್ಲು ತಾಗೀತು, ಬೆರಳ ಕಡೆ ಗಟ್ಟಿ ಇರಲಿ. ಲೇಸಿನ ತುದಿ ಚೈನಿಗೆ ಸಿಕ್ಕದಂತೆ ಒಳಗೆ ಸೇರಿಸಿಡಲಿ.

ಹುಡುಗನಿಗೆ ಹೊಸ ಜೋಡಿ ಬಂತು. ಹಳೆಯದರ ಅಳತೆ ನಮಗೂ ಸರಿಯಾಗಿ, ಬೆಳಗಿನ ತಿರುಗಾಟಕ್ಕೆ ಈಗ ಅದೇ.